ಜೋಳದ ಹೊಲದಲ್ಲಿ ನಿಂತ ಫಲಾನುಭವಿ

ಕಳೆದ ತಿಂಗಳ ಎರಡನೇ ಮಂಗಳವಾರ ಮಧ್ಯಾಹ್ನ, ಆಳಂದ ತಾಲ್ಲೂಕಿನ ನರೋಣಾ ಕಡೆಯ ಒಂದು ಜೋಳದ ಹೊಲದಲ್ಲಿ, ಬೆದರುಬೊಂಬೆಯೊಂದು ವಿದೇಶಿ ನೆರವಿನ ಕುಡಿಯುವ ನೀರಿನ ಯೋಜನೆಯ ಫಲಾನುಭವಿಯಾಗಿ ದಾಖಲಾಯಿತು.

ದಾಖಲಿಸಿದವರು ಒಬ್ಬ ಎಂಜಿನಿಯರ್. ಸಾಕ್ಷಿ ನಾನು. ಬೊಂಬೆಯ ಮೈಮೇಲೆ ನೀಲಿ ಚೆಕ್ಸ್ ಅಂಗಿ, ತಲೆಗೆ ಒಡಕು ಗಡಿಗೆ. ಅದು ಏನೂ ಮಾತಾಡಲಿಲ್ಲ. (ಆವತ್ತು ಆ ಹೊಲದಲ್ಲಿ ಸುಮ್ಮನಿದ್ದದ್ದು ಅದೊಂದೇ.)

ನಗಬೇಡಿ. ಒಂದು ವಾಡಿಯ, ಎಂದರೆ ಪುಟ್ಟ ಹಳ್ಳಿಯ, ಕುಡಿಯುವ ನೀರು ಸದ್ಯ ಆ ಬೊಂಬೆಯನ್ನು ನಂಬಿಕೊಂಡಿದೆ. ಅಲ್ಲಿಗೆ ಹೇಗೆ ಬಂದೆವು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಪತ್ರಿಕೆಯಲ್ಲಿ ನನ್ನ ಬರಹ ಓದುವವರಿಗೆ ನನ್ನ ಚಟ ಗೊತ್ತೇ ಇದೆ. ಸಾರ್ವಜನಿಕ ಮಾಹಿತಿ ಎಲ್ಲಿ ಸಿಕ್ಕರೂ ಇಳಿಸಿಕೊಂಡು ಜರಡಿ ಹಿಡಿಯುವುದು. ಈ ಸಲ ವಿದೇಶಿ ಸಾಲ, ವಿದೇಶಿ ನೆರವಿನ ಯೋಜನೆಗಳ ಸರದಿ. ಹಣ ಕೊಡುವ ದೊಡ್ಡ ಸಂಸ್ಥೆಗಳು ತಾವು ಜಗತ್ತಿನಲ್ಲಿ ಎಲ್ಲೆಲ್ಲಿ ಏನೇನು ಕಟ್ಟಿಸಿದೆವು ಎಂದು ವೆಬ್‌ಸೈಟಿನಲ್ಲಿ ಹಾಕುತ್ತವೆ. ಯಾರು ಬೇಕಾದರೂ ನೋಡಬಹುದು. ಯಾರೂ ನೋಡುವುದಿಲ್ಲ.

ನಾನು ನೋಡಿದೆ. ಇಡೀ ಜಗತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಆಳಂದ, ಅಫಜಲಪುರ, ಜೇವರ್ಗಿ ಮಾತ್ರ. ಫಿಲ್ಟರ್ ಹಾಕಿದೆ. ಒಂದೇ ಚೆಕ್ ಡ್ಯಾಮನ್ನು ಸಾಲ ಕೊಟ್ಟವರೂ ತಮ್ಮ ಲೆಕ್ಕಕ್ಕೆ ಬರೆದಿದ್ದರು, ಸಾಲ ತಂದವರೂ ಬರೆದಿದ್ದರು. ಒಂದನ್ನು ತೆಗೆದೆ. ‘ಅರಿವು ಮೂಡಿಸುವ ಕಾರ್ಯಕ್ರಮ’ ಎಂದಿದ್ದವನ್ನೆಲ್ಲ ಬೇರೆ ಕಡೆ ಎತ್ತಿಟ್ಟೆ. ಮೂಡಿದ ಅರಿವನ್ನು ಬಸ್ಸು ಹತ್ತಿ ಹೋಗಿ ನೋಡಿಬರುವುದು ಹೇಗೆ? ಕೊನೆಗೆ ಉಳಿದದ್ದು ಕಣ್ಣಿಗೆ ಕಾಣಬೇಕಾದ ಕೆಲಸಗಳು: ನೀರಿನ ಟಾಕಿ, ರಸ್ತೆ, ಶೌಚಾಲಯ, ಚೆಕ್ ಡ್ಯಾಂ.

ಅವನ್ನು ನಕಾಶೆಯ ಮೇಲೆ ಹರಡಿದೆ. ಅವು ಹರಡಲಿಲ್ಲ.

ಆಳಂದ ತಾಲ್ಲೂಕಿನ ಕೆಲಸಗಳೆಲ್ಲ ಒಂದೇ ಚುಕ್ಕೆಯ ಮೇಲೆ ಒಂದರ ಮೇಲೊಂದು ಕೂತಿದ್ದವು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಖಜೂರಿ ಕಡೆಯ ರಸ್ತೆಯೂ ಅಲ್ಲೇ. ಅಫಜಲಪುರದವು ಚೌಡಾಪುರದ ಆಚೆ ಒಂದು ಇಟ್ಟಿಗೆ ಭಟ್ಟಿಯ ಮೇಲೆ. ಜೇವರ್ಗಿಯವು ಯಾರದೋ ಹತ್ತಿ ಹೊಲದಲ್ಲಿ.

ಕಾರಣ ಕಂಡುಹಿಡಿಯಲು ಅರ್ಧ ದಿನ ಹಿಡಿಯಿತು. ಪಟ್ಟಿ ತುಂಬುವವರು ಎಲ್ಲೋ ದೂರದ ಕಚೇರಿಯಲ್ಲಿರುತ್ತಾರೆ. ಅವರ ಮುಂದಿನ ಕಾಗದದಲ್ಲಿ ‘ಆಳಂದ ತಾಲ್ಲೂಕು’ ಎಂದಷ್ಟೇ ಇರುತ್ತದೆ, ಊರಿನ ಹೆಸರಿಲ್ಲ. ಜಾಗದ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಅವರು ತಾಲ್ಲೂಕಿನ ನಟ್ಟನಡುವಿನ ಬಿಂದುವನ್ನು ಹಿಡಿದು ಗುಂಡಿ ಒತ್ತುತ್ತಾರೆ. ಪ್ರತಿ ಸಲವೂ ಅದೇ ಬಿಂದು. ಆ ಬಿಂದುವಿಗೆ ಒಬ್ಬ ಮಾಲೀಕ ಇರುತ್ತಾನೆ ಎಂದು ಅವರಿಗೆ ಹೊಳೆಯಬೇಕಾದರೂ ಹೇಗೆ?

ಮಾಲೀಕರ ಹೆಸರು ಖಾಜಾಸಾಬ್.

ನರೋಣಾದಲ್ಲಿ ಬಸ್ಸಿಳಿದು, ಯಾರದೋ ಬೈಕಿನ ಹಿಂದೆ ಕೂತು ಹೋದೆ. ಬಿಳಿಜೋಳ ತೆನೆ ಹಿಡಿದಿತ್ತು. ಖಾಜಾಸಾಬ್ ಹಕ್ಕಿ ಓಡಿಸುತ್ತಿದ್ದರು. ಮೊಬೈಲ್ ತೋರಿಸಿ, ಈ ಚುಕ್ಕೆ ನಿಮ್ಮ ಹೊಲ ಎಂದೆ.

“ಹೌದ್ರಿ, ನಮ್ದೇ ಅದ. ಏನೇನು ಅದಾವಂತ ಇದ್ರಾಗ?”

ಒಂದೊಂದಾಗಿ ಓದಿದೆ. ಟಾಕಿ. ಸಿ.ಸಿ. ರಸ್ತೆ. ಚೆಕ್ ಡ್ಯಾಂ. ಮಹಿಳೆಯರ ಶೌಚಾಲಯ.

“ಯಾ ಅಲ್ಲಾ! ಇಷ್ಟೆಲ್ಲಾ ಇಲ್ಲೇ ಅದಾವಂದ್ರ ಮತ್ತ ನಾ ಜೋಳ ಬಿತ್ತಿದ್ದೆಲ್ಲಿ?”

ಬದುವಿನ ಮೇಲೆ ಕೂತಿದ್ದ ಅವರ ಹೆಂಡತಿ ರಾಬಿಯಾಬಿ ಅಲ್ಲಿಂದಲೇ ಕೂಗಿದರು: “ಶೌಚಾಲಯ ಯಾವ ಮೂಲ್ಯಾಗ ಅದ ಕೇಳ್ರಿ ಮೇಡಂ. ಲಗ್ನ ಆದಾಗಿಂದ ಹುಡುಕಾಕತ್ತೇನಿ!”

ನಾವು ನಗುತ್ತಿದ್ದಾಗ ಕೊಡ ಹಿಡಿದು ಬಂದ ಇನ್ನೊಬ್ಬರು ನಗಲಿಲ್ಲ. ಸುಮಿತ್ರಾ, ಪಕ್ಕದ ವಾಡಿಯ ಪಂಚಾಯಿತಿ ಸದಸ್ಯೆ. (ವಾಡಿಯ ಹೆಸರು ಬರೆಯುತ್ತಿಲ್ಲ. ಯಾಕೆಂದು ಕೊನೆಗೆ ತಿಳಿಯುತ್ತದೆ.) ವಾಡಿಯಲ್ಲಿ ಟಾಕಿ ಇಲ್ಲ, ನಳ ಇಲ್ಲ. ಕರೆಂಟ್ ಬಂದಾಗ ಖಾಜಾಸಾಬರ ಬೋರ್‌ವೆಲ್ಲಿಗೆ ಬಂದು ಕೊಡ ತುಂಬಿಕೊಳ್ಳುತ್ತಾರೆ. ಕರೆಂಟ್ ಹೋದರೆ ಕೊಡ ಪಾಳಿಗೆ ಇಟ್ಟು ಹೋಗುತ್ತಾರೆ.

ಸುಮಿತ್ರಾ ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡು ಚುಕ್ಕೆಯನ್ನು ದಿಟ್ಟಿಸಿದರು.

“ಇದೇ ಏನ್ರಿ ಅದು? ಇದರ ಸಲುವಾಗೇ ನಮ್ಮ ಅರ್ಜಿ ಎರಡು ಸಲ ಹೊಳ್ಳಿ ಬಂದದ. ‘ನಿಮ್ಮ ವಾಡಿಗೆ ಹತ್ತೇ ಹೆಜ್ಜಿ ಮ್ಯಾಲ ಟಾಕಿ ಅದ, ಮತ್ತೊಂದು ಯಾಕಬೇ’ ಅಂತ ಆಫೀಸಿನಾಗ ನಕ್ಕರು. ನಾ ಏನ್ ತಿಳಕೊಂಡೆ ಗೊತ್ತೇನ್ರಿ? ಹಿಂದಿನ ಮೆಂಬರ್ ಟಾಕಿ ತಿಂದಾನಂತ ತಿಳಕೊಂಡು, ಅವನ ಮನಿ ಮುಂದ ನಿಂತು ಬೈದು ಬಂದೇನಿ!”

ಈಗ ಕಥೆ ಪೂರ್ತಿಯಾಯಿತು. ಹೊಸದಾಗಿ ಬಂದ ವಿದೇಶಿ ಸಾಲದ ನೀರಿನ ಯೋಜನೆಯವರೂ ಒಂದು ಫಿಲ್ಟರ್ ಹಾಕಿದ್ದರು. ಹತ್ತಿರದಲ್ಲಿ ಈಗಾಗಲೇ ಟಾಕಿ ಇದ್ದರೆ ಆ ಊರು ಪಟ್ಟಿಯಿಂದ ಹೊರಗೆ. ಕೇಳಿದರೆ ನ್ಯಾಯವಾದ ಮಾತೇ. ಆದರೆ ತಾಲ್ಲೂಕಿನ ಟಾಕಿಗಳೆಲ್ಲ ಈ ಹೊಲದಲ್ಲಿವೆ ಎಂದು ನಕಾಶೆ ಹೇಳುವಾಗ, ಎಲ್ಲಕ್ಕಿಂತ ಮೊದಲು ಹೊರಗೆ ಬೀಳುವುದು ಯಾರು? ಹೊಲದ ಪಕ್ಕದವರು.

ಸುದ್ದಿ ಬರೆದೆ. ಒಳಪುಟದಲ್ಲಿ ಎರಡು ಕಾಲಂ. ಯೋಜನೆಯ ಕಚೇರಿಯಿಂದ ಸ್ಪಷ್ಟನೆ ಬರಲಿಲ್ಲ, ನಿರಾಕರಣೆಯೂ ಬರಲಿಲ್ಲ. ಎಂಜಿನಿಯರ್ ಬಂದರು. ‘ಸ್ಥಳ ಪರಿಶೀಲನೆ.’ ಮೊದಲಿಗೆ ಹೇಳಿದೆನಲ್ಲ, ಅದೇ ಮಂಗಳವಾರ.

ಪರಿಶೀಲನೆಗೆ ಒಂದು ಆ್ಯಪ್ ಇದೆ. ಚುಕ್ಕೆ ಇರುವ ಜಾಗಕ್ಕೇ ಹೋಗಿ ನಿಂತರೆ ಮಾತ್ರ ತೆರೆದುಕೊಳ್ಳುತ್ತದೆ. ಪಾಪ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಎಂಜಿನಿಯರ್ ಎದೆಮಟ್ಟದ ಜೋಳದೊಳಗೆ ಇಳಿದರು. ಹಿಂದೆ ಖಾಜಾಸಾಬ್: “ನೋಡ್ಕೊಂಡ್ರಿ ಸಾಹೇಬ್ರ, ದಂಟು ಮುರದೀತು.” ಅವರ ಹಿಂದೆ ಸುಮಿತ್ರಾ, ರಾಬಿಯಾಬಿ, ವಾಡಿಯ ಅರ್ಧ ಜನ. ಕೊನೆಯಲ್ಲಿ ನಾನು.

ಬೆದರುಬೊಂಬೆಯ ಹತ್ತಿರ ಆ್ಯಪ್ ತೆರೆದುಕೊಂಡಿತು. ಮೊದಲ ಪ್ರಶ್ನೆ, ಟಾಕಿಯ ಸ್ಥಿತಿ ಏನು? ಉತ್ತರ ಮೂರು: ಪೂರ್ಣಗೊಂಡಿದೆ, ಪ್ರಗತಿಯಲ್ಲಿದೆ, ದುರಸ್ತಿ ಬೇಕು.

“ಇಲ್ಲ ಅಂತ ಒತ್ರಿ,” ಎಂದರು ಸುಮಿತ್ರಾ.

“ಇಲ್ಲ ಅನ್ನೋದು ಇದ್ರಾಗ ಇಲ್ರಿ ಅಕ್ಕಾರ.”

“ಟಾಕಿನೂ ಇಲ್ಲ, ಇಲ್ಲ ಅನ್ನೋದೂ ಇಲ್ಲ?”

ಎಂಜಿನಿಯರ್ ಬೆವರು ಒರೆಸಿಕೊಂಡು ಲೆಕ್ಕ ಹಾಕಿದರು. ‘ಪೂರ್ಣ’ ಎಂದರೆ ವಾಡಿ ಶಾಶ್ವತವಾಗಿ ಹೊರಗೆ. ‘ಪ್ರಗತಿ’ ಎಂದರೆ ಮುಂದಿನ ತಿಂಗಳು ಎಷ್ಟು ಪ್ರಗತಿ ಎಂದು ಅವರನ್ನೇ ಕೇಳುತ್ತಾರೆ. ಉಳಿದದ್ದು ದುರಸ್ತಿ. ಹಾಳಾದ ಟಾಕಿಯ ಪಕ್ಕದ ಊರನ್ನು ಫಿಲ್ಟರ್ ಹೊರಗೆ ಹಾಕುವುದಿಲ್ಲ, ಒಳಗೆ ಕರೆದುಕೊಳ್ಳುತ್ತದೆ.

“ದುರಸ್ತಿ ಅಂತ ಒತ್ರಿ ಮತ್ತ, ಜಲ್ದಿ,” ಎಂದರು ಸುಮಿತ್ರಾ.

“ಹಾಂ! ಬರೀಲೇಬ್ಯಾಡ್ರಿ,” ಖಾಜಾಸಾಬ್ ಅಡ್ಡ ಬಂದರು. “ನಾಳೆ ಪೊಲೀಸರು ಬಂದು ‘ಪರದೇಶದವರ ಟಾಕಿ ನಿನ್ನ ಹೊಲದಾಗ ಹೆಂಗ ಹಾಳಾತು’ ಅಂದ್ರ ಯಾರಿಗೆ ತೋರಸ್ಲಿ?”

“ನನ್ನ ತೋರಸ್ರಿ ಚಾಚಾ. ನಾನೇ ಒಡದೇನಿ ಅಂತೇನಿ,” ಎಂದರು ಸುಮಿತ್ರಾ.

ಎಂಜಿನಿಯರ್ ಒತ್ತಿದರು. ಮುಂದಿನ ಪ್ರಶ್ನೆ: ಫಲಾನುಭವಿಯ ಫೋಟೊ.

ಅಲ್ಲಿಯವರೆಗೆ ಎಂಜಿನಿಯರ್ ಹೆಗಲ ಮೇಲೆ ಬಿದ್ದು ಮೊಬೈಲ್ ನೋಡುತ್ತಿದ್ದ ಜನ ಒಮ್ಮೆಲೇ ಹಿಂದೆ ಸರಿದರು. ತಮಾಷೆಗಲ್ಲ, ಅನುಭವದಿಂದ. ನಮ್ಮ ಕಡೆ ಒಂದು ಸಲ ಫಲಾನುಭವಿ ಆದವರು ಮುಂದಿನ ಎಲ್ಲ ಯೋಜನೆಗಳಲ್ಲೂ ‘ಈಗಾಗಲೇ ಪಡೆದವರು’. ಸಿಗದ ಮನೆಗೆ ಫೋಟೊ ಕೊಟ್ಟು, ಸಿಗಬಹುದಾಗಿದ್ದ ಮನೆ ಕಳಕೊಂಡವರು ಪ್ರತಿ ಓಣಿಯಲ್ಲಿದ್ದಾರೆ. ಗ್ರೂಪ್ ಫೋಟೊ ಎಂದರೆ ಮುಂದಿನ ಸಾಲಿಗೆ ನುಗ್ಗುವವರೂ ಫಲಾನುಭವಿ ಫೋಟೊ ಎಂದರೆ ಜೋಳದೊಳಗೆ ಮರೆಯಾಗುತ್ತಾರೆ.

“ನೀವೇ ನಿಂದರ್ರಿ ಅಕ್ಕಾರ,” ಎಂದರು ಎಂಜಿನಿಯರ್.

“ನಾ ನಿಂತ್ರ ನನಗ ನಳ ಕೊಟ್ಟಂಗ ಆತಲ್ರಿ? ಸಾಯೋತನಕ ಕೊಡಂಗಿಲ್ಲ ಮತ್ತ.”

“ಹಂಗಾದ್ರ ಯಾರ್ದು ತಗೀಲಿ? ಫೋಟೊ ಇಲ್ದ ಮುಂದ ಹೋಗಂಗಿಲ್ರಿ ಇದು.”

ಆಗ ರಾಬಿಯಾಬಿ ಬೊಂಬೆಯ ಕಡೆ ಗದ್ದ ತೋರಿಸಿದರು. “ಅವಂದು ತಗೀರಿ. ಹಗಲೂ ರಾತ್ರಿ ಇಲ್ಲೇ ನಿಂತಾನ. ಯೋಜನೆ ಜಾಗದಾಗ ಅವನಷ್ಟು ಇರೋರು ಯಾರದಾರ್ರಿ?”

ಎಂಜಿನಿಯರ್ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕ್ಯಾಮೆರಾ ಕ್ಲಿಕ್ ಎಂದಿತು. ಆ್ಯಪ್ ಒಂದು ಕ್ಷಣ ಸುತ್ತಿ, ಹಸಿರು ಗುರುತು ಕೊಟ್ಟಿತು.

“ಹೆಸರು ಕೇಳಾಕತ್ತದ.”

“ಅಂಗಿ ನನ್ನ ಹೆಂಡ್ತಿ ಅಣ್ಣಂದು,” ಎಂದರು ಖಾಜಾಸಾಬ್ ಉತ್ಸಾಹದಿಂದ. “ಅವನ ಹೆಸರೇ ಹಾಕ್ರಿ.”

“ನಮ್ಮ ಅಣ್ಣನ ಹೆಸರು ಹಾಕಿದ್ರ ನೋಡ್ರಿ ಮತ್ತ!” ಎಂದರು ರಾಬಿಯಾಬಿ. “ರೊಟ್ಟಿ ಯಾರು ಬಡೀತಾರೋ ನೋಡ್ತೇನಿ ಇವತ್ತ.”

ಎಂಜಿನಿಯರ್ ‘ರೈತ’ ಎಂದು ತುಂಬಿ ಮುಗಿಸಿದರು. ಬದು ಹತ್ತಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಮೇಡಂ, ಇದೆಲ್ಲಾ ಪೇಪರಿನಾಗ ಬ್ಯಾಡ್ರಿ,” ಎಂದರು. ನಿಮ್ಮ ಹೆಸರು ಬರೆಯುವುದಿಲ್ಲ ಎಂದೆ. ಬರೆದಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತಲೆನೋವು ಶುರುವಾಯಿತು. ತಪ್ಪು ಚುಕ್ಕೆಯನ್ನು ತಿದ್ದಿಸಲು ಸುದ್ದಿ ಬರೆದವಳು ನಾನು. ನನ್ನ ಕಣ್ಣೆದುರೇ ಆ ತಪ್ಪಿನ ಮೇಲೆ ಇನ್ನೊಂದು ಸುಳ್ಳು ಕೂತಿತು. ಅದನ್ನು ಬರೆದರೆ ವಾಡಿ ಮತ್ತೆ ಪಟ್ಟಿಯಿಂದ ಹೊರಗೆ ಹೋಗಬಹುದು. ಬರೆಯದಿದ್ದರೆ ನಾನು ಮಾಡುವ ಕೆಲಸಕ್ಕೆ ಏನೆನ್ನಬೇಕು?

ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿ ಕೂತವಳಿಗೆ ಉತ್ತರ ಗೊತ್ತಿರಬೇಕಿತ್ತು. ಸುಮಿತ್ರಾಗೇ ಫೋನ್ ಮಾಡಿದೆ.

“ಬರೀರಿ ಮೇಡಂ. ಖರೆ ಆಗಿದ್ದೇ ಅಲ್ಲೇನ್ರಿ?”

“ಪಟ್ಟಿಯಿಂದ ತೆಗೆದರೆ?”

“ಇಲ್ಲಿ ಆಫೀಸಿನವರು ಪೇಪರ್ ಮ್ಯಾಲ ಮಿರ್ಚಿ ಭಜಿ ತಿಂತಾರ್ರಿ, ಓದಂಗಿಲ್ಲ. ರೊಕ್ಕ ಕೊಡೋರಿಗೆ ಕನ್ನಡ ಬರಂಗಿಲ್ಲ. ನೀವು ವಾಡಿ ಹೆಸರೊಂದು ಬಿಟ್ಟು ಎಲ್ಲಾ ಬರೀರಿ.”

ಎರಡು ವಾರದ ನಂತರ ಹೊಸ ಪಟ್ಟಿ ಬಂತು. ವಾಡಿಯ ಹೆಸರಿದೆ. ‘ಹಾಲಿ ಟಾಕಿಯ ಪುನರ್ನಿರ್ಮಾಣ’ ಎಂಬ ತಲೆಬರಹದ ಕೆಳಗೆ. ಜಾಗ: ಖಾಜಾಸಾಬರ ಹೊಲ. ವಾಡಿಯೊಳಗೆ ಕಟ್ಟಬಾರದೇ ಎಂದು ಎಂಜಿನಿಯರನ್ನು ಕೇಳಿದೆ. ಚುಕ್ಕೆ ಸರಿಸಿದರೆ ಅದು ಹೊಸ ಕೆಲಸವಾಗುತ್ತದಂತೆ. ಹೊಸ ಕೆಲಸಕ್ಕೆ ಮತ್ತೆ ಫಿಲ್ಟರ್ ಹಾಕುತ್ತಾರಂತೆ.

ಖಾಜಾಸಾಬ್ ಎರಡು ದಿನ ಮುನಿಸಿಕೊಂಡರು. ಸುಮಿತ್ರಾ ಮೂರನೇ ದಿನ ಹೋಗಿ ಬದುವಿನ ಮೇಲೆ ಕೂತರು. “ಚಾಚಾ, ಹೊಲ ಏರಿನ ಮ್ಯಾಲ ಅದ. ಟಾಕಿ ಇಲ್ಲಿದ್ರ ನೀರು ತಾನೇ ಇಳಕೊಂಡು ವಾಡಿಗೆ ಬರ್ತದ. ಮೊದಲ್ನೇ ನಳ ನಮ್ಮ ಚಾಚಿಗೇ.”

“ನನ್ನ ಜೋಳಕ್ಕ?”

“ಕುಡಿಯೋ ನೀರು ಚಾಚಾ. ಜೋಳಕ್ಕ ಬ್ಯಾರೆ ದೇಶದವರನ್ನ ಕೇಳೂಣು.”

ರಾಬಿಯಾಬಿ ಚಹಾ ತಂದರು. ಮೂಲೆಯ ಜಾಗಕ್ಕೆ ಖಾಜಾಸಾಬ್ ಒಪ್ಪಿದರು. ಎಂಜಿನಿಯರ್ ಮೂಲೆ ಬೇಡ ಎಂದರು. ಚುಕ್ಕೆ ಬಿದ್ದಿರುವುದು ನಡುವೆ.

ಜೋಳ ಕೊಯ್ದಾಗಿದೆ. ಶುಕ್ರವಾರ ಬೆಳಿಗ್ಗೆ ಹೊಲದ ನಡುವೆ ಸುಣ್ಣದ ಪುಡಿಯಲ್ಲಿ ಚೌಕ ಎಳೆದಿದ್ದಾರೆ. ಬೊಂಬೆಯನ್ನು ಕಿತ್ತು ಬದುವಿಗೆ ನಿಲ್ಲಿಸಿದ್ದಾರೆ. ವಾಡಿಯ ಕೊಡಗಳು ಇನ್ನೂ ಬೋರ್‌ವೆಲ್ ಮುಂದೆ ಪಾಳಿಯಲ್ಲಿವೆ. ಇದನ್ನು ಬರೆಯುವ ಮುಂಚೆ ವೆಬ್‌ಸೈಟಿನಿಂದ ಹೊಸ ಮಾಹಿತಿ ಇಳಿಸಿಕೊಂಡೆ. ಅದರ ಪ್ರಕಾರ ವಾಡಿಯ ಟಾಕಿಯಿಂದ ಇದುವರೆಗೆ ನೀರು ಪಡೆದವರು: ಒಬ್ಬರು, ರೈತ.