ಉಣ್ಣುವಲ್ಲಿ ಓಟು

ನಾನು ಬಹರೈನಿಗೆ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಕಂಪೆನಿಗೆ ಟೈಪಿಸ್ಟ್ ಆಗಿ. ಊರಿನಲ್ಲಿ ಒಮ್ಮೆಯೂ ಮತಗಟ್ಟೆಯ ಕಡೆ ತಲೆಹಾಕದ ನನಗೆ ಚುನಾವಣೆಯ ಹುಚ್ಚು ಹಿಡಿದದ್ದು ಅಲ್ಲಿ. ನಮ್ಮ ಕರಾವಳಿಯವರ ಸಂಘದ ಕಮಿಟಿಗೆ ಮೂರು ಕ್ಷೇತ್ರಗಳಿದ್ದವು: ಗುದೈಬಿಯಾ, ಗುಫೂಲ್, ಈಸಾ ಟೌನ್. ಸಂಘದ ಗೋಡೆಯ ಮೇಲೆ ಯಾರೋ ಕೈಯಲ್ಲಿ ಬಿಡಿಸಿದ ನಕ್ಷೆ. ಅದರಲ್ಲಿ ಗುದೈಬಿಯಾದ ಗೆರೆ ರಸ್ತೆಗುಂಟ ನೆಟ್ಟಗೆ ಬಂದು, ಇದ್ದಕ್ಕಿದ್ದಂತೆ ಗುಫೂಲಿನೊಳಗೆ ನುಗ್ಗಿ, ಎರಡು ಕಟ್ಟಡಗಳನ್ನು ಎಳೆದುಕೊಂಡು ವಾಪಸಾಗಿತ್ತು. ಅದರಲ್ಲೊಂದು ಕಟ್ಟಡದಲ್ಲಿ ನನ್ನ ಕೋಣೆ. ಕಾರಣ ಕೇಳದೆ ನನಗೆ ಸಮಾಧಾನವಾಗಲಿಲ್ಲ.

“ನೀವು ಮಲಗುದು ಎಲ್ಲಿ ಅಂತ ಯಾರಿಗೆ ಬೇಕು ಮಾರಾಯ್ರೆ? ಉಣ್ಣುದು ಎಲ್ಲಿ, ಅದು ಹೇಳಿ,” ಎಂದರು ಸಂಘದ ಅಧ್ಯಕ್ಷರು.

ವಿಷಯ ಇಷ್ಟೆ. ಬ್ಯಾಚುಲರ್‌ಗಳು ಆಗಾಗ ಕೋಣೆ ಬದಲಿಸುತ್ತಿದ್ದರು; ಹಗಲು ಪಾಳಿಯವನೂ ರಾತ್ರಿ ಪಾಳಿಯವನೂ ಒಂದೇ ಮಂಚ ಹಂಚಿಕೊಳ್ಳುವುದಿತ್ತು. ಆದರೆ ಬಾಯಿಗೆ ಒಗ್ಗಿದ ಮೆಸ್ಸನ್ನು ಯಾರೂ ಬಿಡುತ್ತಿರಲಿಲ್ಲ. ಹಾಗಾಗಿ ಊಟ ಎಲ್ಲಿಯೋ ಓಟೂ ಅಲ್ಲೇ. ಚುನಾವಣೆಗೆ ನಿಲ್ಲುವವರಿಗೂ ಅದೇ ನಿಯಮ. ನಮ್ಮ ಕಟ್ಟಡದವರೆಲ್ಲ ಉಣ್ಣುತ್ತಿದ್ದುದು ಗುದೈಬಿಯಾದಲ್ಲಿ ಮೆಸ್ ನಡೆಸುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸಿನ ಮನೆಯಲ್ಲಿ.

ಹಳೆಯ ಫಲಿತಾಂಶಗಳನ್ನೂ ಕೆದಕಿದೆ. ಈಸಾ ಟೌನಿನವರು ಯಾವಾಗಲೂ ಶಾಲೆಯ ಮೇಷ್ಟ್ರನ್ನೇ ಆರಿಸುತ್ತಿದ್ದರು, ಗುಫೂಲಿನವರು ಮ್ಯಾನೇಜರರನ್ನು. ಗುದೈಬಿಯಾದವರು ಮಾತ್ರ ಯಾರನ್ನೂ ಎರಡನೇ ಸಲ ಗೆಲ್ಲಿಸಿದವರಲ್ಲ. “ಒಮ್ಮೆ ಗೆದ್ದವರು ಮೆಸ್ಸಿನ ಸಾರು ಸಪ್ಪೆ ಅಂತ ಹೇಳ್ಲಿಕ್ಕೆ ಶುರು ಮಾಡ್ತಾರೆ,” ಎಂದು ಒಬ್ಬ ವೆಲ್ಡರ್ ವಿವರಿಸಿದ. ಈ ರಾಜಕೀಯ ಶಾಸ್ತ್ರ ನನಗೆ ಬಹಳ ಹಿಡಿಸಿತು.

ಆ ವರ್ಷ ಗುದೈಬಿಯಾಕ್ಕೆ ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಸ್ಟೋರ್‌ಕೀಪರ್ ನಿಂತರು. ಗೆದ್ದರೆ ಸಂಘದಲ್ಲೇ ಕ್ಯಾಂಟೀನ್ ತೆರೆಯುತ್ತೇನೆಂದು ಸ್ಟೋರ್‌ಕೀಪರ್ ಸಾರಿದರು; ಅದೂ ಅಕ್ಕನ ಮೆಸ್ಸಿನಲ್ಲಿ, ಅಕ್ಕ ಬಡಿಸಿದ ಬಂಗುಡೆ ಮೀನಿನ ಗಸಿ ಚಪ್ಪರಿಸುತ್ತಾ. ನನಗೆ ಮೈಯೆಲ್ಲ ಉರಿಯಿತು. ಕ್ಯಾಂಟೀನ್ ಬಂದರೆ ಮೆಸ್ ಮುಚ್ಚಿದ ಹಾಗೆಯೇ. ಅಕ್ಕನ ಗಂಡ ಕಡಲಾಚೆ ಖೋಬರಿನಲ್ಲಿ ದುಡಿಯುತ್ತಿದ್ದು, ಯಾವಾಗಲೋ ಒಮ್ಮೆ ಲಾಂಚಿನಲ್ಲಿ ಬಂದು ಹೋಗುತ್ತಿದ್ದರು. ಮನೆಯ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಮೆಸ್ಸಿನಿಂದಲೇ ನಡೆಯಬೇಕು. ಆದರೆ ಅಕ್ಕನಿಗೆ ಓಟಿಲ್ಲ. ಕುಟುಂಬಕ್ಕೆ ಒಂದೇ ಓಟು, ಅದು ಗಂಡನ ಹೆಸರಿನಲ್ಲಿ.

ಮತದಾನದ ಶುಕ್ರವಾರ ಅಕ್ಕ ಅಡುಗೆ ಅರ್ಧಕ್ಕೆ ಬಿಟ್ಟು, ಒಲೆ ಆರಿಸಿ, ಸಂಘಕ್ಕೆ ಬಂದು ಗಂಡಸರ ಸಾಲಿನಲ್ಲಿ ನಿಂತರು.

“ಓಟು ನಿಮ್ಮ ಯಜಮಾನರದ್ದಲ್ವಾ ಅಕ್ಕ?” ಎಂದರು ಅಧ್ಯಕ್ಷರು ಮೆತ್ತಗೆ.

“ಉಣ್ಣುವಲ್ಲಿ ಓಟು ಅಂತ ಮಾಡಿದ್ದು ನೀವೇ ಅಲ್ವಾ? ಅವರು ಉಣ್ಣುದು ಖೋಬರಲ್ಲಿ. ಇಲ್ಲಿ ಉಣ್ಣುದು ನಾನು. ಈಗ ಹೇಳಿ, ಓಟು ಯಾರದ್ದು?”

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಗೋಡೆಯ ನಕ್ಷೆ ನೋಡಿದರು. ಇಷ್ಟು ದಿನ ಆ ಗೆರೆಯನ್ನು ಹಿಂದೆ ಮುಂದೆ ಕೆದಕಿದ್ದ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಸ್ಟೋರ್‌ಕೀಪರ್ ಏನೋ ಹೇಳಲು ಬಾಯಿ ತೆರೆದರು. ಹಿಂದಿನಿಂದ ವೆಲ್ಡರ್, “ಬೇಗ ಮಾಡಿ ಮಾರಾಯ್ರೆ, ಹಸಿವಾಗ್ತದೆ!” ಎಂದು ಕೂಗಿದ. ಅಧ್ಯಕ್ಷರು ಚೀಟಿ ಕೊಟ್ಟರು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಟು ಹಾಕಿ ಅಡುಗೆಗೆ ಓಡಿದರು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು.

ಸ್ಟೋರ್‌ಕೀಪರ್ ಸೋತರು. ಮರುದಿನ ಮಧ್ಯಾಹ್ನ ಮೆಸ್ಸಿನಲ್ಲಿ ಅವರ ಜಾಗ ಖಾಲಿ. ನನ್ನ ಬಟ್ಟಲಿಗೆ ಅನ್ನ ಹಾಕುತ್ತಾ ಅಕ್ಕ ಅತ್ತ ನೋಡಿದರು.

“ಹೋಗಿ ಕರ್ಕೊಂಡು ಬನ್ನಿ ಅವರನ್ನು. ಇಲ್ಲಿ ಊಟ ಬಿಟ್ರೆ ಮುಂದಿನ ಸಲ ಇಲ್ಲಿ ಸೋಲ್ಲಿಕ್ಕೂ ಆಗುದಿಲ್ಲ ಅಂತ ಹೇಳಿ.”