ಮೀನು ಹೆಕ್ಕಿದ ದಿನ

ಮೂರ್ನಾಡಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಕ್ಯಾಮೆರಾ, ಹಿಂದಿನ ಎರಡು ಕೋಣೆಗಳಲ್ಲಿ ನನ್ನ ವಾಸ. ಪಾಸ್‌ಪೋರ್ಟ್ ಫೋಟೊಗೆಂದು ಬರುವ ಮಕ್ಕಳು ಅಳದಿರಲಿ ಅಂತ ಮೊದಲು ಒಂದು ಸಣ್ಣ ಅಕ್ವೇರಿಯಂ ಇಟ್ಟೆ. ಆಮೇಲೆ ಮಕ್ಕಳ ನೆಪ ಹೋಯಿತು, ಮೀನಿನ ಹುಚ್ಚು ಉಳಿಯಿತು. ಮೈಸೂರಿನಿಂದ ಒಂದು ಜೋಡಿ ಕ್ರಿಬ್ ತಂದೆ. ಸಿಕ್ಲಿಡ್ ಜಾತಿಯ ಬೆರಳುದ್ದದ ಮೀನು. ಮೈಯುದ್ದಕ್ಕೂ ಕಪ್ಪು ಪಟ್ಟೆ, ರೆಕ್ಕೆಗೆ ಹಳದಿ ಅಂಚು. ಮೊಟ್ಟೆಗೆ ಬಂದ ಹೆಣ್ಣಿನ ಹೊಟ್ಟೆ ಮಾಗಿದ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಚಳಿ ಅವಕ್ಕೆ ಆಗದು; ನೀರೊಳಗೆ ಗಾಜಿನ ಕೊಳವೆಯ ಹೀಟರ್ ಇಟ್ಟಿದ್ದೆ. ಕರೆಂಟು ಹೋದರೆ ಟ್ಯಾಂಕಿಗೆ ಕಂಬಳಿ ಹೊದೆಸುತ್ತಿದ್ದೆ.

"ಮರಿ ಮಾಡುವಾಗ ಇವಕ್ಕೆ ಜಾಸ್ತಿ ಜಾಗ ಬೇಕು, ಇಲ್ಲದಿದ್ರೆ ಒಂದನ್ನೊಂದು ಕೊಲ್ತವೆ" ಎಂದು ಮೀನು ಮಾರಿದ ಅಂಗಡಿಯವನು ಹೇಳಿದ್ದ. ನಾನು ಕೇಳಲಿಲ್ಲ. ಎರಡಡಿಯ ಟ್ಯಾಂಕಿನಲ್ಲೇ ಬಿಟ್ಟೆ. ತೂತು ಕೊರೆದು ಕವುಚಿಟ್ಟ ತೆಂಗಿನ ಚಿಪ್ಪಿನೊಳಗೆ ಹೆಣ್ಣು ಮೊಟ್ಟೆ ಅಂಟಿಸಿತು.

ಅದೇ ವಾರ ಅಕ್ಕ ಶನಿವಾರಸಂತೆ ಕಡೆಯಿಂದ ಬಸ್ಸಿನಲ್ಲಿ ಬಂದಳು. ಭಾವ ಅಲ್ಲೊಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವರು. ಅಕ್ಕನ ಎಡ ಮಣಿಕಟ್ಟು ಊದಿ ನೀಲಿಯಾಗಿತ್ತು, ತುಟಿ ಸೀಳಿತ್ತು. ಹಿಂದೆಲ್ಲ ಬಾಗಿಲು ತಾಗಿತು, ಜಾರಿ ಬಿದ್ದೆ ಎನ್ನುತ್ತಿದ್ದವಳು ಈ ಸಲ, "ಸೌದೆಯಲ್ಲಿ ಹೊಡೆದ್ರು. ನಾನಿನ್ನು ಅಲ್ಲಿಗೆ ಹೋಗುದಿಲ್ಲ" ಎಂದಳು. ಹಿಂದಿನ ಕೋಣೆ ಬಿಟ್ಟುಕೊಟ್ಟೆ.

ಕೈಗೆ ಪಟ್ಟಿ ಕಟ್ಟಿಕೊಂಡು ಅವಳು ದಿನವಿಡೀ ಟ್ಯಾಂಕಿನ ಮುಂದೆ ಕೂರುತ್ತಿದ್ದಳು. ಮರಿಗಳು ಚಿಪ್ಪಿನಿಂದ ಹೊರಬಂದ ಮೂರನೆಯ ಬೆಳಗ್ಗೆ ನನ್ನನ್ನು ಕರೆದಳು.

"ಇಲ್ಲಿ ಬಾ. ಇದು ಅದನ್ನು ಕೊಲ್ತಾ ಉಂಟು."

ಗಂಡು ಮೂಲೆಯಲ್ಲಿ, ನೀರಿನ ಮೇಲ್ಭಾಗಕ್ಕೆ ಅಂಟಿ ನಿಂತಿತ್ತು. ಒಂದು ಕಣ್ಣಿರಲಿಲ್ಲ. ಬಾಲ ಹರಿದು ಬುಡದ ಮಾಂಸ ಕಾಣುತ್ತಿತ್ತು. ಹೆಣ್ಣು ಮರಿಗಳನ್ನು ಬಿಟ್ಟು ನೆಟ್ಟಗೆ ಬಂದು ಕಚ್ಚುವುದು, ವಾಪಸು ಹೋಗುವುದು, ಮತ್ತೆ ಬರುವುದು.

"ಇವು ಹಾಗೆಯೇ ಅಕ್ಕ. ಸ್ವಲ್ಪ ದಿನ ಹೋದರೆ ಸರಿಹೋಗ್ತದೆ" ಎಂದೆ.

ಅವಳು ನನ್ನ ಮುಖ ನೋಡಿದಳು. "ನಂಗೂ ಇದನ್ನೇ ಹೇಳ್ತಾ ಬಂದೆ ನೀನು. ಎಷ್ಟು ವರ್ಷ ಆಯ್ತು?" ಎಂದವಳೇ ಸರಿಯಿದ್ದ ಕೈಯಲ್ಲಿ ಬಲೆ ತೆಗೆದುಕೊಂಡು ಗಂಡನ್ನು ಬಕೆಟ್ಟಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅದು ಸತ್ತಿತು.

ಭಾವ ಬಂದದ್ದು ಅದಾಗಿ ನಾಲ್ಕೈದು ದಿನಕ್ಕೆ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯ, ಎಸ್ಟೇಟಿನವರು ಯಾರೂ ತೋಟ ಬಿಟ್ಟು ಬರುವ ಕಾಲವಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತರು. ನಾನು ಕಾಫಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಅಕ್ಕನಿಗೆ ಹೇಳಿದರು: "ಲೈನ್‌ಮನೆಯ ಆಳುಗಳೆಲ್ಲ ಕೇಳ್ತಾರೆ, ನಿಮ್ಮ ಹೆಂಡತಿ ಎಲ್ಲಿ ಅಂತ. ಎಂತ ಹೇಳ್ಲಿ ನಾನು?"

"ಹೊಡೆದು ಓಡಿಸಿದೆ ಅಂತ ಹೇಳಿ" ಎಂದಳು ಅಕ್ಕ.

ಅವರು ಎದ್ದು ಅವಳ ಜಡೆ ಹಿಡಿದರು. "ಭಾವ, ಬಿಡಿ" ಎಂದೆ. ಆ ಹೊತ್ತಿನಲ್ಲೂ ಬಹುವಚನವೇ ಬಾಯಿಗೆ ಬಂತು. ಇನ್ನೊಂದು ಕೈಯಲ್ಲಿ ಫೋಟೊಗೆ ಕೂರಿಸುವ ಸ್ಟೂಲ್ ಎತ್ತಿ ನನ್ನತ್ತ ಬೀಸಿದರು. ನಾನು ತಪ್ಪಿಸಿಕೊಂಡೆ. ಸ್ಟೂಲ್ ಟ್ಯಾಂಕಿಗೆ ಬಡಿಯಿತು.

ಗಾಜು ಒಡೆದು ನೀರೆಲ್ಲ ಒಮ್ಮೆಗೇ ಕೋಣೆಗೆ ನುಗ್ಗಿತು. ಹೀಟರ್ ಚಟಚಟ ಎಂದಿತು. ನಾನು ಹಾರಿ ಸ್ವಿಚ್ ಆರಿಸಿದೆ. ಅದು ಸರಿ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಆಮೇಲೆ ಮಾಡಿದ್ದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ನೆಲಕ್ಕೆ ಕೂತು ಮೀನು ಹುಡುಕಿದೆ. ಹೆಣ್ಣು ಕ್ರಿಬ್ ಗಾಜಿನ ಚೂರುಗಳ ನಡುವೆ ಪಟಪಟ ಹಾರುತ್ತಿತ್ತು. ಅದನ್ನು ಹಿಡಿದು ಬಕೆಟ್ಟಿಗೆ ಹಾಕಿದೆ. ಮರಿಗಳು ಸಿಮೆಂಟಿಗೆ ಧೂಳಿನ ಹಾಗೆ ಅಂಟಿದ್ದವು. ಬೆರಳಿನಲ್ಲಿ ಬಳಿದು ತೆಗೆಯಲು ಹೋದೆ. ಹಿಂದೆ ಅಕ್ಕನ ತಲೆ ಗೋಡೆಗೆ ಬಡಿದ ಸದ್ದು ಕೇಳಿತು. ಎರಡನೆಯ ಸಲವೂ ಕೇಳಿತು. ಆಗಲೂ ನನ್ನ ಕಣ್ಣು ನೆಲದ ಮೇಲೆಯೇ ಇತ್ತು.

ತಿರುಗಿದಾಗ ಅಕ್ಕನ ಕೈಯಲ್ಲಿ ಲೈಟಿನ ಕಬ್ಬಿಣದ ಸ್ಟ್ಯಾಂಡ್ ಇತ್ತು. ಒಂದೇ ಏಟು, ಕಿವಿಯ ಮೇಲೆ. ಭಾವ ಗಾಜಿನ ಮೇಲೆ ಬಿದ್ದರು.

ನಾನು ಎದ್ದದ್ದು ಆಗ. ಬಿದ್ದವನ ಪಕ್ಕೆಗೆ ಒದ್ದೆ. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ, ಅವನು ಕೈ ಅಡ್ಡ ಹಿಡಿಯುವುದನ್ನು ಬಿಟ್ಟ ಮೇಲೂ ಗುದ್ದಿದೆ. ಮೂಗು ಮುರಿದದ್ದು ಕೈಗೆ ಗೊತ್ತಾಯಿತು. ನಿಲ್ಲಿಸಬೇಕು ಅನಿಸಲಿಲ್ಲ. ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ನನ್ನ ಕಾಲರ್ ಹಿಡಿದು ಎಳೆದಳು. ಅವಳ ಹಣೆಯಿಂದ ರಕ್ತ ಇಳಿದು ಕಣ್ಣಿಗೆ ಹೋಗುತ್ತಿತ್ತು.

"ಸಾಕು. ಈಗ ನೀನು ಹೊಡಿತಿರುದು ನಂಗೋಸ್ಕರ ಅಲ್ಲ."

ಪಕ್ಕದ ಬೇಕರಿಯವರು ಮೂವರನ್ನೂ ಒಂದೇ ವ್ಯಾನಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು. ಅಕ್ಕನಿಗೆ ಹೊಲಿಗೆ ಹಾಕಿದ ಮೇಲೆ ಬೆಂಚಿನಲ್ಲಿ ಪಕ್ಕಪಕ್ಕ ಕೂತಿದ್ದೆವು.

"ನೀನು ಮೊದಲು ಮೀನು ಹೆಕ್ಕಿದೆ" ಎಂದಳು.

"ಹೌದು" ಎಂದೆ.

ಅವಳು ಮತ್ತೆ ಆ ಮಾತು ತೆಗೆಯಲಿಲ್ಲ.

ಎರಡೂ ಕಡೆಯಿಂದ ದೂರು ದಾಖಲಾಯಿತು. ಹಿರಿಯರು ಬಂದು ಕೂತರು, ಹೊಂದಿಕೊಂಡು ಹೋಗಮ್ಮ ಎಂದರು. ಅಕ್ಕ ಅವರಿಗೆಲ್ಲ ಚಹಾ ಮಾಡಿಕೊಟ್ಟು, ಹೋಗುವುದಿಲ್ಲ ಎಂದಷ್ಟೇ ಹೇಳಿದಳು. ವಿಚ್ಛೇದನವಾಗಿ ಈಗ ಪೊನ್ನಂಪೇಟೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಅಲ್ಲೇ ಬಾಡಿಗೆ ಕೋಣೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಚಪಾತಿ ಲಟ್ಟಿಸಲು ಬೇರೆಯವರು ಬೇಕು.

ಕಳೆದ ವರ್ಷ ನೆಂಟರ ಮದುವೆಯೊಂದರ ಫೋಟೊ ತೆಗೆಯುವ ಕೆಲಸ ನನ್ನದೇ ಆಗಿತ್ತು. ಗುಂಪಿನ ತುದಿಯಲ್ಲಿ ಭಾವ ನಿಂತಿದ್ದರು, ಮೂಗು ಸೊಟ್ಟಗಾಗಿತ್ತು. ಫ್ರೇಮಿನಿಂದ ಅರ್ಧ ಹೊರಗಿದ್ದರು. "ಸ್ವಲ್ಪ ಒಳಗೆ ಬನ್ನಿ" ಎಂದೆ. ಕೇಳಿಸಲಿಲ್ಲ, ಅಕ್ಕನ ಏಟು ಬಿದ್ದ ಕಡೆಯ ಕಿವಿ ಹೋಗಿದೆಯಂತೆ. ಪಕ್ಕದವರು ತೋಳು ಹಿಡಿದು ಸರಿಸಿದರು. ಎರಡು ಫೋಟೊ ತೆಗೆದೆ. ಒಂದು ಅಲುಗಿಹೋಗಿತ್ತು, ಇನ್ನೊಂದನ್ನು ಆಲ್ಬಮ್ಮಿಗೆ ಹಾಕಿಕೊಟ್ಟೆ.