ಹೊಸ ಏಣಿಯ ರಬ್ಬರ್ ಬುಷ್

ನನಗೆ ಸಿಟ್ಟು ಬೇಗ ಬರುತ್ತದೆ. ಮಸ್ಕಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಆದರೆ ಏಣಿಯ ವಿಷಯದಲ್ಲಿ ಬಂದ ಸಿಟ್ಟಿಗೆ ಕಾರಣವಿತ್ತು.

ಹಿಂದಿನ ವರ್ಷ ದಸರೆಗೆ ಮನೆ ತೊಳೆಯುವಾಗ ನಮ್ಮತ್ತೆ ಟೇಬಲ್ಲಿನ ಮೇಲೆ ಸ್ಟೂಲ್ ಇಟ್ಟು, ಅದರ ಮೇಲೆ ಹತ್ತಿ, ಅಟ್ಟದಿಂದ ಹಿತ್ತಾಳೆ ಕೊಡ ಇಳಿಸಲು ಹೋಗಿ ಬಿದ್ದಿದ್ದರು. ಮುಂಗೈ ಮುರಿದಿತ್ತು. ಲಿಂಗಸುಗೂರಿನ ಡಾಕ್ಟರು ಪಟ್ಟಿ ಕಟ್ಟುತ್ತ, ಎಲುಬು ಸವೆದಿವೆ, ಇನ್ನೊಮ್ಮೆ ಬಿದ್ದರೆ ಸೊಂಟಕ್ಕೇ ಬರುತ್ತದೆ, ಆಮೇಲೆ ಹಾಸಿಗೆಯೇ ಗತಿ ಎಂದಿದ್ದರು. ಹತ್ತಬೇಡಿ ಎಂದರೆ ಕೇಳುವ ಪೈಕಿ ಅಲ್ಲ ನಮ್ಮತ್ತೆ. ಬೇರೆಯವರು ಇಳಿಸಿದರೆ ಅವರ ಕೊಡ ನೆಗ್ಗುತ್ತದಂತೆ. ಹೋಗಲಿ, ಹತ್ತುವುದಾದರೆ ನೆಟ್ಟಗಿನ ಏಣಿಯನ್ನಾದರೂ ಹತ್ತಲಿ ಎಂದು ಈ ಸಲ ನಾನೇ ಸಿಂಧನೂರಿಗೆ ಹೋದೆ.

ಅಂಗಡಿಯವನು ಜೋಡಿಸಿದ ಏಣಿ ಕೊಡಲಿಲ್ಲ. ಎಲ್ಲ ಡಬ್ಬಿಯಲ್ಲಿದೆ, ಐದು ನಿಮಿಷದ ಕೆಲಸ, ಮನೆಯಲ್ಲಿ ಯಜಮಾನರು ಇದ್ದಾರಲ್ಲ ಎಂದ. ಅಲ್ಲೇ ನನಗೆ ಮೈ ಉರಿಯಿತು. ಆಳುದ್ದದ ಡಬ್ಬಿಯನ್ನು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದೆ. ಹತ್ತಿದವರೆಲ್ಲ ಅದಕ್ಕೆ ಎಡವಿ ನನ್ನ ಮುಖ ನೋಡಿದರು.

ನಮ್ಮ ಯಜಮಾನರಿಗೆ ಏಣಿ ಕಂಡದ್ದೇ ಹುರುಪು ಬಂತು. ಚಿತ್ರ ಹಾಕಿ ವಿವರಿಸಿದ್ದ ಕಾಗದವನ್ನು ಮುದ್ದೆ ಮಾಡಿ ಒಗೆದರು. ತುರ್ವಿಹಾಳದ ಸೋದರಮಾವನ ಮನೆಯಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ್ದರಂತೆ, ಇದೇನು ಮಹಾ! ಒಂದು ತಾಸು ಪಾನಾ ಹಿಡಿದು ಬೋಲ್ಟು ತಿರುಗಿಸಿದ ಮೇಲೆ ಏಣಿ ಎದ್ದು ನಿಂತಿತು. ಮೇಲಿನ ಮೆಟ್ಟಿಲು ಒಂದು ಕಡೆ ವಾಲಿತ್ತು. ನೆಲದ ಮೇಲೆ ಎರಡು ಬೋಲ್ಟು ಉಳಿದಿದ್ದವು. ಇವು ಯಾತಕ್ಕೆ ಎಂದು ಕೇಳಿದೆ.

“ಕಂಪನಿಯವ್ರು ಎರಡು ಹೆಚ್ಚಿಗಿ ಕೊಟ್ಟಾರ, ತೆಗೆದಿಟ್ಕೋ” ಎಂದರು.

ಆ ಎರಡು ಬೋಲ್ಟು ಹಿಡಿದುಕೊಂಡು ನಾನು ಆಡಿದ ಮಾತುಗಳು ಬರೆಯುವಂಥವಲ್ಲ. ನಿಮ್ಮವ್ವ ಹತ್ತುವ ಏಣಿ ಇದು, ನಿಮಗೆ ಖಬರಾದರೂ ಇದೆಯೇ ಎಂದು ಕೂಗಿದೆ. ಅವರು ನೀರು ಕುಡಿಯಲು ಎದ್ದು ಹೋದರು.

ಕಾಗದ ಹುಡುಕಿ, ತೊಡೆಯ ಮೇಲೆ ತೀಡಿ, ಇಡೀ ಏಣಿಯನ್ನು ಬಿಚ್ಚಿದೆ. ಮೊದಲು ಬೋಲ್ಟುಗಳನ್ನೆಲ್ಲ ಕೈಯಿಂದಲೇ ಸಡಿಲವಾಗಿ ಕೂಡಿಸಬೇಕು, ಏಣಿ ನೆಟ್ಟಗೆ ನಿಂತ ಮೇಲೆ ಪಾನಾ ಹಾಕಿ ಬಿಗಿಯಬೇಕು. ನಡುವಿನ ಪಟ್ಟಿಯನ್ನು ಕೆಳಗೆ ಒತ್ತಿದಾಗ ಟಕ್ ಎಂದು ಕೂರಬೇಕು. ಕೊನೆಗೆ, ಜಾರದಂತೆ, ನಾಲ್ಕು ಕಾಲಿಗೆ ನಾಲ್ಕು ರಬ್ಬರ್ ಬುಷ್. ಎಲ್ಲ ಮುಗಿಸಿ, ಪ್ರತಿ ಮೆಟ್ಟಿಲ ಮೇಲೆ ನಿಂತು ಮೈಭಾರ ಬಿಟ್ಟು ನೋಡಿದೆ. ಏಣಿ ಮಿಸುಕಲಿಲ್ಲ. ಇಳಿದು ಅದನ್ನು ಗೋಡೆಯ ಕಡೆ ಸರಿಸಿದಾಗ ಹೊಸ ಟೈಲ್ಸ್ ಮೇಲೆ ಬುಷ್ ಎಳೆದ ಕಪ್ಪು ಗೀರು ಕಂಡು ಗೊಣಗುತ್ತ ಒರೆಸಿದೆ. ಆ ಬಿಳಿ ಟೈಲ್ಸ್ ಈ ಬೇಸಿಗೆಯಲ್ಲಷ್ಟೇ ಹಾಕಿಸಿದ್ದು. ಮಂಚ ಎಳೆದರೆ, ಕೊಡ ಕುಕ್ಕಿದರೆ, ನನ್ನ ಬಾಯಿ ಓಣಿಗೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಪೂಜೆ. ಮನೆಗೆ ಹೊಸ ಸಾಮಾನು ಬಂದರೆ ಪೂಜೆಯಾಗದೆ ಅತ್ತೆ ಮುಟ್ಟುವುದಿಲ್ಲ. ಏಣಿಯನ್ನು ತೊಳೆದು, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿದ್ದರು. ಹೊಸ ಟ್ರ್ಯಾಕ್ಟರಿನ ಗಾಲಿಗೆ ಇಡುವಂತೆ ನಾಲ್ಕು ಕಾಲಿನ ಕೆಳಗೂ ಲಿಂಬೆಹಣ್ಣು. ನಮ್ಮ ಯಜಮಾನರು ಏಣಿಯನ್ನು ಎತ್ತಿ ಎತ್ತಿ ಕುಕ್ಕಿ ನಾಲ್ಕನ್ನೂ ಒಡೆದರು. ರಸ ನೆಲದ ತುಂಬ ಹರಿಯಿತು. ಅವಸರದಲ್ಲಿ ಒದ್ದೆ ಬಟ್ಟೆ ಎಳೆದು, ನಾನು ಬರುವ ತನಕ ಯಾರೂ ಹತ್ತಬೇಡಿ ಎಂದು ಹೇಳಿ, ಪಾತ್ರೆ ತಿಕ್ಕಲು ಹುಣಸೆಹಣ್ಣು ನೆನೆಸಿಡುವುದಕ್ಕೆ ಹಿತ್ತಲಿಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಅತ್ತೆ ಮೂರನೆಯ ಮೆಟ್ಟಿಲ ಮೇಲಿದ್ದರು. ಎರಡೂ ಕೈ ಅಟ್ಟದೊಳಗೆ. ಯಜಮಾನರು ಕೆಳಗೆ ನಿಂತು ಫೋನ್ ನೋಡುತ್ತಿದ್ದರು. ಏಣಿ ಕಿರ್ ಎಂದು ಸದ್ದು ಮಾಡಿ ಗೇಣುದ್ದ ಜರುಗಿತು. ಕೈಯಲ್ಲಿದ್ದ ಬೋಗುಣಿ ಬಿಸಾಕಿ ಓಡಿಹೋಗಿ ಏಣಿಯನ್ನು ಅವಚಿ ಹಿಡಿದೆ. ಅತ್ತೆ ಅಟ್ಟದ ಅಂಚನ್ನು ಹಿಡಿದುಕೊಂಡರು. ಕೆಳಗೆ ನೋಡಿದರೆ ಒದ್ದೆ ಟೈಲ್ಸ್ ಮೇಲೆ ಬರೀ ಅಲ್ಯೂಮಿನಿಯಂ ಕಾಲು. ಒಂದು ಬುಷ್ ಕೂಡ ಇರಲಿಲ್ಲ.

ಗಂಡನ ಮೇಲೆ ಹರಿಹಾಯ್ದೆ. ಟ್ರ್ಯಾಕ್ಟರಿನ ಮಾತೂ ತೆಗೆದೆ, ಬೋಲ್ಟಿನ ಮಾತೂ ತೆಗೆದೆ, ಫೋನನ್ನೂ ಬಿಡಲಿಲ್ಲ. ತಾನು ಮುಟ್ಟೇ ಇಲ್ಲ ಎಂದು ಅವರು ಆಣೆ ಮಾಡಿದರು. ನಾನು ನಂಬಲಿಲ್ಲ, ಇನ್ನಷ್ಟು ಬೈದೆ.

ಮೇಲಿನಿಂದ ಅತ್ತೆ ಮೆಲ್ಲಗೆ ಹೇಳಿದರು: “ಅವಗ ಬೈಬ್ಯಾಡ. ತೊಳಿಯೋವಾಗ ನಾನ ತೆಗ್ದೀನಿ. ಅವು ಟೈಲ್ಸಿಗೆ ಕರೀ ಗೀರು ಹಾಕ್ತಾವ. ನೀ ಮತ್ತ ಸಿಟ್ಟಾಗ್ತಿ ಅಂತ ತೆಗ್ದಿಟ್ಟೆ.”

ಆಗಲಾದರೂ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಟೈಲ್ಸ್ ದೊಡ್ಡದೋ ನಿಮ್ಮ ಸೊಂಟ ದೊಡ್ಡದೋ ಎಂದು ಅವರ ಮೇಲೂ ಕೂಗಾಡಿದೆ. ಕೂಗಿದ ಹಾಗೆಲ್ಲ ಏಣಿ ನನ್ನ ಕೈಯಲ್ಲಿ ನಡುಗುತ್ತಿತ್ತು. ಅತ್ತೆ ಕಾದರು. ನಾನು ಉಸಿರು ಎಳೆದುಕೊಂಡಾಗ ಕೇಳಿದರು.

“ಬೈಯೋದು ಮುಗೀತಂದ್ರ ಹೇಳವಾ, ಇಳೀತೀನಿ. ಸಿಟ್ಟಿನಾಗ ಎಲ್ಲಿ ಕೈ ಬಿಟ್ಟುಬಿಡ್ತೀಯೋ ಅಂತ ಅಂಜಿಕಿ ಆಗಾಕತ್ತೈತಿ.”

ಬಾಯಿ ಮುಚ್ಚಿ ಎರಡೂ ಕೈಯಿಂದ ಏಣಿಯನ್ನು ಬಿಗಿಯಾಗಿ ಹಿಡಿದೆ. ಅವರು ಒಂದೊಂದೇ ಮೆಟ್ಟಿಲು ಇಳಿದು ಬಂದರು. ನೆಲದ ಮೇಲೆ ನಿಂತು, ಸೆರಗಿನ ಗಂಟು ಬಿಚ್ಚಿ, ನಾಲ್ಕೂ ಬುಷ್ ನನ್ನ ಕೈಗೆ ಹಾಕಿದರು.